ಕಲ್ಲಿನ ಕ್ಲಾಸಿನಲ್ಲಿ ನನ್ನ ವಾರಗಿತ್ತಿ

ಕಾಲೇಜಿಗೆ ಮೊದಲು ಸೇರಿದ್ದು ನಾನು. ಇದನ್ನು ಆರಂಭದಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮ ನೆಂಟರಲ್ಲಿ ಈಗ ಬೇರೆಯೇ ಕಥೆ ಓಡಾಡುತ್ತಿದೆ. ಆ ಕಥೆಯ ಪ್ರಕಾರ ನನ್ನ ವಾರಗಿತ್ತಿ ಓದಲು ಹೊರಟಳಂತೆ, ಕಾರು ಓಡಿಸಲು ಬರುತ್ತದೆಂದು ನಾನು ಜೊತೆಗೆ ಹೋದೆನಂತೆ. ಶುದ್ಧ ಸುಳ್ಳು. ಕ್ಲಾಸು ಹುಡುಕಿದ್ದು ನಾನು, ಫೀಸು ಕಟ್ಟಿದ್ದು ನಾನು, ಪಾರ್ಕಿಂಗ್ ಎಲ್ಲಿ ಸಿಗುತ್ತದೆಂದು ಮುಂಚಿತವಾಗಿ ಹೋಗಿ ನೋಡಿಕೊಂಡು ಬಂದವಳೂ ನಾನೇ.

ಆಸ್ಟಿನ್ನಿನ ಉತ್ತರಕ್ಕೆ, ನಮ್ಮ ಮನೆಯಿಂದ ಅಷ್ಟೇನೂ ದೂರವಿಲ್ಲದ ಒಂದು ಕಮ್ಯುನಿಟಿ ಕಾಲೇಜು ಅದು. ಮೈಸೂರಿನಲ್ಲಿ ಮಾಡಿದ್ದ ಬಿ.ಕಾಂ. ಇಲ್ಲಿ ಯಾರ ಲೆಕ್ಕಕ್ಕೂ ಬರಲಿಲ್ಲವಾದ್ದರಿಂದ, ಮಗಳು ಹೈಸ್ಕೂಲಿಗೆ ಹೋದ ಮೇಲೆ ಹೊಸದಾಗಿ ಡಿಗ್ರಿ ಶುರು ಮಾಡಿದ್ದೆ. ಯಾವ ಡಿಗ್ರಿಗಾದರೂ ಒಂದು ವಿಜ್ಞಾನದ ವಿಷಯ ಕಡ್ಡಾಯ. ಗಣಿತದ ಕಾಟ ಕಡಿಮೆ ಎಂದು ಯಾರೋ ಹೇಳಿದ್ದನ್ನು ನಂಬಿ ಫಿಸಿಕಲ್ ಜಿಯಾಲಜಿ ತೆಗೆದುಕೊಂಡೆ. ಭೂಮಿ ಯಾವುದರಿಂದ ಆಗಿದೆ, ಬೆಟ್ಟ ಯಾಕೆ ಏಳುತ್ತದೆ, ಹೊಳೆ ನೆಲವನ್ನು ಹೇಗೆ ಕೊರೆಯುತ್ತದೆ ಎನ್ನುವ ಆರಂಭದ ಪಾಠಗಳು. ಮೊದಲ ತಿಂಗಳು ಮುಗಿಯುವಷ್ಟರಲ್ಲಿ ನಾನು ಅದಕ್ಕೆ ಪೂರ್ತಿ ಮರುಳಾಗಿದ್ದೆ. ರಸ್ತೆಗೆಂದು ಸೀಳಿದ ಸುಣ್ಣಕಲ್ಲಿನ ಗುಡ್ಡ ಕಂಡರೆ ಕಾರು ತಾನಾಗಿಯೇ ನಿಧಾನವಾಗುತ್ತಿತ್ತು, ಹಿಂದಿನವರು ಹಾರ್ನ್ ಹೊಡೆಯುತ್ತಿದ್ದರು. ಇದೆಲ್ಲ ಒಂದು ಕಾಲಕ್ಕೆ ಸಮುದ್ರದ ತಳವಾಗಿತ್ತು ಕಣೇ ಎಂದು ಮಗಳಿಗೆ ಹೇಳಿದರೆ ಅವಳು ಫೋನಿನಿಂದ ತಲೆಯೆತ್ತದೆ "ಕೂಲ್, ಅಮ್ಮಾ" ಅನ್ನುತ್ತಿದ್ದಳು. ನನಗೆ ಬೇಜಾರೇನೂ ಆಗುತ್ತಿರಲಿಲ್ಲ. ಮನೆಯಲ್ಲಿ ಯಾರಿಗೂ ಬೇಡದ ಒಂದು ವಸ್ತು ಪೂರ್ತಿಯಾಗಿ ನನ್ನದಾಗಿರುವುದರ ಸುಖವೇ ಬೇರೆ.

ಪೂರ್ತಿಯಾಗಿ ಅಂದೆನಲ್ಲ, ಅದೂ ತಪ್ಪು. ಪಕ್ಕದ ಸೀಟಿನಲ್ಲಿ ಅವಳು ಕೂತಿರುತ್ತಿದ್ದಳು.

ನನ್ನ ಮೈದುನ ಮತ್ತು ಅವನ ಹೆಂಡತಿ ಆ ಬೇಸಿಗೆಯಲ್ಲಷ್ಟೇ ಹ್ಯೂಸ್ಟನ್‌ನಿಂದ ಜಾರ್ಜ್‌ಟೌನ್‌ನ ಹೊಸ ಮನೆಗೆ ಶಿಫ್ಟ್ ಆಗಿದ್ದರು. ಅವಳು ಧಾರವಾಡದವಳು, ನನಗಿಂತ ಎಂಟೊಂಬತ್ತು ವರ್ಷ ಚಿಕ್ಕವಳು, ಮಾತಿಗೆ ಮುಂಚೆ ನಗುವವಳು. ಊಟಕ್ಕೆ ಬಂದಿದ್ದಾಗ ನಾನು ಕಾಲೇಜಿನ ವಿಷಯ ಎತ್ತಿದೆ. ಅಕ್ಕ ಹೋಗುವುದಾದರೆ ತಾನೂ ಸೇರುತ್ತೇನೆ, ತಾನು ಮಾಡುತ್ತಿರುವ ಡಿಗ್ರಿಗೂ ಒಂದು ಸೈನ್ಸ್ ಕ್ರೆಡಿಟ್ ಬೇಕು ಎಂದು ಅವಳು ಅಲ್ಲೇ, ಸಾರಿನ ಕೈಯಲ್ಲೇ ನಿರ್ಧಾರ ಮಾಡಿಬಿಟ್ಟಳು. ಒಳ್ಳೆಯದಾಯಿತು, ಜೊತೆಯಾಯಿತು ಎಂದು ನನ್ನ ಗಂಡ ಖುಷಿಪಟ್ಟರು. ಹೈವೇಯಲ್ಲಿ ಡ್ರೈವ್ ಮಾಡಲು ಅವಳಿಗೆ ಭಯ. ಹಾಗಾಗಿ ನಾನು ಮೊದಲು ಉತ್ತರಕ್ಕೆ ಹೋಗಿ ಅವಳನ್ನು ಹತ್ತಿಸಿಕೊಂಡು ಮತ್ತೆ ದಕ್ಷಿಣಕ್ಕೆ ಬರುವುದು ಎಂದಾಯಿತು.

ಲ್ಯಾಬಿನಲ್ಲಿ ಗೊತ್ತಾಯಿತು ಅವಳ ಕಣ್ಣು ಎಂಥದ್ದೆಂದು. ಮೇಜಿನ ಮೇಲೆ ಖನಿಜಗಳ ತಟ್ಟೆ ಇಡುತ್ತಿದ್ದರು. ಒಂದೊಂದನ್ನೂ ಗೀರಿ, ತಿಕ್ಕಿ, ಆಸಿಡ್ ಹನಿ ಬಿಟ್ಟು ಇದೇನೆಂದು ಕಂಡುಹಿಡಿಯಬೇಕು. ನಾನು ರಾತ್ರಿ ಓದಿಕೊಂಡು ಬಂದು, ಗಾಜಿನ ಮೇಲೆ ಗೀರಿ, ಪುಸ್ತಕ ನೋಡಿ, ಮತ್ತೆ ಗೀರಿ, ಬೆಣಚುಕಲ್ಲು ಅನ್ನುವ ತೀರ್ಮಾನಕ್ಕೆ ಬರುವಷ್ಟರಲ್ಲಿ ಅವಳು ಇಡೀ ತಟ್ಟೆ ಮುಗಿಸಿ ಮೈದುನನಿಗೆ ಮೆಸೇಜ್ ಮಾಡುತ್ತಿದ್ದಳು. ಹೇಗೆ ಗೊತ್ತಾಯಿತು ಎಂದರೆ ಅವಳಿಗೇ ಹೇಳಲು ಬರುತ್ತಿರಲಿಲ್ಲ. ಕಿಟಕಿಯ ಕಡೆಗೆ ಒಂದು ಸಲ ತಿರುಗಿಸುತ್ತಿದ್ದಳು, ಅಷ್ಟೇ. ಪುಸ್ತಕವನ್ನಂತೂ ಅವಳು ಕೊಂಡೇ ಇರಲಿಲ್ಲ, ನನ್ನದರಲ್ಲೇ ಇಣುಕುತ್ತಿದ್ದಳು. ನನಗೆ ಹೊಟ್ಟೆಯುರಿಯುತ್ತಿತ್ತು. ಬೇರೆ ಮರ್ಯಾದಸ್ಥ ಪದ ಹುಡುಕುವುದಿಲ್ಲ, ಹೊಟ್ಟೆಯುರಿಯೇ ಅದು.

ನಡುವೆ ಒಂದು ದಿನ ನಮ್ಮ ಟೀಚರ್, ಬೆಳ್ಳಗಿನ ಗಿಡ್ಡ ಕೂದಲಿನ, ಸದಾ ಬೆಟ್ಟ ಹತ್ತುವ ಬೂಟು ಹಾಕಿರುತ್ತಿದ್ದ ಹೆಂಗಸು, ಒಂದು ಸುದ್ದಿ ಹೇಳಿದರು. ಮುಂದಿನ ಸೆಮಿಸ್ಟರಿಗೆ ಲ್ಯಾಬ್ ಅಸಿಸ್ಟೆಂಟ್ ಒಬ್ಬರು ಬೇಕು, ನಮ್ಮ ಕ್ಲಾಸಿನಿಂದಲೇ ಒಬ್ಬರನ್ನು ಆರಿಸುತ್ತೇನೆ ಎಂದು. ತಟ್ಟೆ ಜೋಡಿಸುವುದು, ಹೊಸ ಹುಡುಗರಿಗೆ ತೋರಿಸಿಕೊಡುವುದು, ಕಲ್ಲುಗಳನ್ನು ನೋಡಿಕೊಳ್ಳುವುದು. ಅದನ್ನು ಕೇಳಿದ ಗಳಿಗೆಯಿಂದ ನನಗೆ ಬೇರೇನೂ ಬೇಡವಾಯಿತು. ಮದುವೆಯಾಗಿ ಈ ದೇಶಕ್ಕೆ ಬಂದಾಗಿನಿಂದ ನಾನು ಗಂಡನ ವೀಸಾಕ್ಕೆ ಅಂಟಿಕೊಂಡ ಬಾಲವಾಗಿದ್ದೆ. ಗ್ರೀನ್ ಕಾರ್ಡ್ ಬಂದ ಮೇಲೂ ಬಾಲದ ಅಭ್ಯಾಸ ಹೋಗಿರಲಿಲ್ಲ. ಒಂದು ಕೋಣೆ, ಅದರ ಬೀಗದ ಕೈ, ಅದರೊಳಗಿನ ಕಲ್ಲುಗಳೆಲ್ಲ ನನ್ನ ಸುಪರ್ದಿಗೆ. ನನ್ನ ಕುತ್ತಿಗೆಯಲ್ಲೂ ಒಂದು ಬ್ಯಾಡ್ಜ್. ಗಂಡ ದಿನಾ ಬೆಳಿಗ್ಗೆ ದ ಡೊಮೇನ್ ಬಡಾವಣೆಯ ಆಫೀಸಿಗೆ ತಮ್ಮ ಬ್ಯಾಡ್ಜ್ ನೇತುಹಾಕಿಕೊಂಡು ಹೋಗುವಾಗ ನನ್ನ ಕಣ್ಣು ಅಲ್ಲಿಗೇ ಹೋಗುತ್ತಿತ್ತು.

ಅದೇ ಸುಮಾರಿಗೆ ದೂರದ ಸಂಬಂಧಿಯೊಬ್ಬರ ಗೃಹಪ್ರವೇಶಕ್ಕೆ ಎರಡೂ ಸಂಸಾರ ಡಲ್ಲಾಸ್ ಕಡೆ ಹೋದೆವು. ಸೌತ್‌ಲೇಕ್‌ನಲ್ಲಿ ಮನೆ. ಒಳಗೆ ಮಾತಾಡಿದರೆ ಪ್ರತಿಧ್ವನಿ ಬರುವಷ್ಟು ದೊಡ್ಡದು. ಆ ಮನೆಯ ಆಂಟಿ ಅಡುಗೆಮನೆಯ ಕಟ್ಟೆಯ ಮೇಲೆ ಕೈಯಾಡಿಸುತ್ತಾ, ನೀನು ಕಲ್ಲಿನ ಬಗ್ಗೆ ಓದುತ್ತಿದ್ದೀಯಂತಲ್ಲ, ಇದು ಯಾವುದು ಹೇಳು ನೋಡೋಣ ಎಂದರು. ಸುತ್ತ ಹತ್ತು ಜನ ಹೆಂಗಸರು. ನಾನು ಗಂಟಲು ಸರಿಮಾಡಿಕೊಂಡು, ಇದು ಗ್ರಾನೈಟ್, ನೆಲದೊಳಗೆ ನಿಧಾನವಾಗಿ ತಣಿದು ಆದದ್ದು, ಅದಕ್ಕೇ ಹರಳು ದಪ್ಪ ಎಂದು ಪಾಠ ಶುರು ಮಾಡಿದೆ. ಚೆನ್ನಾಗಿಯೇ ಹೇಳುತ್ತಿದ್ದೆ. ಆಗ ಹಿಂದಿನಿಂದ ಇವಳ ದನಿ ಬಂತು.

"ಅಕ್ಕಾರ, ಗ್ರಾನೈಟ್ ಅಲ್ಲ ಅನಸ್ತದ ನೋಡ್ರಿ. ಪಟ್ಟಿ ಪಟ್ಟಿ ಅದಾವಲ್ಲ, ನೈಸ್ ಅಂತಾರಲ್ಲ, ಆ ಕಲ್ಲು ಇರಬೇಕು."

ನೋಡಿದೆ. ಪಟ್ಟಿಗಳಿದ್ದವು. ಬಿಸಿಗೂ ಒತ್ತಡಕ್ಕೂ ಸಿಕ್ಕಿ ಹೊಸ ರೂಪ ತಾಳಿದ ಕಲ್ಲಿನಲ್ಲಿ ಮಾತ್ರ ಬರುವಂಥ ಪಟ್ಟಿಗಳು. ಅಂಗಡಿಯವರು ಎಲ್ಲವನ್ನೂ ಗ್ರಾನೈಟ್ ಎಂದೇ ಮಾರುತ್ತಾರೆ, ನಾನೂ ಅಂಗಡಿಯವಳ ಹಾಗೆ ಹೇಳಿಬಿಟ್ಟಿದ್ದೆ. ಆಂಟಿಗೆ ತಮ್ಮ ಕಟ್ಟೆಯ ಕಲ್ಲು ಇನ್ನೂ ವಿಶೇಷದ್ದೆಂದು ತಿಳಿದು ಸಂತೋಷವೋ ಸಂತೋಷ. ಅವಳನ್ನು ಬಾತ್‌ರೂಮಿನ ಕಲ್ಲು ತೋರಿಸಲು ಕೈಹಿಡಿದು ಕರೆದುಕೊಂಡು ಹೋದರು, ಉಳಿದ ಹೆಂಗಸರೂ ಹಿಂದೆ ಹೋದರು. ನಾನು ಒಬ್ಬಳೇ ನಿಂತು ಪಾಯಸದ ಲೋಟಗಳನ್ನು ಟ್ರೇಗೆ ಜೋಡಿಸಿದೆ.

ಸೆಮಿಸ್ಟರ್ ಕೊನೆಯ ಪ್ರಾಕ್ಟಿಕಲ್ ಪರೀಕ್ಷೆ ಬಂತು. ಕೋಣೆಯ ಸುತ್ತ ಒಂದೊಂದು ಜಾಗದಲ್ಲಿ ಒಂದೊಂದು ಕಲ್ಲು ಇಟ್ಟಿದ್ದರು. ಸಾಲಿನಲ್ಲಿ ಬಂದು ಪರೀಕ್ಷಿಸಿ, ಹೆಸರು ಬರೆದು, ಮುಂದಕ್ಕೆ ಸರಿಯಬೇಕು. ನನ್ನ ಹಿಂದೆಯೇ ಅವಳು. ಎಲ್ಲ ಸುಸೂತ್ರವಾಗಿ ನಡೆಯುತ್ತಿತ್ತು. ಒಂದು ಕಡೆ ಗಾಜಿನಂಥ, ಚೌಕ ಮೂಲೆಗಳ ಚಂದದ ಹರಳೊಂದು ಇತ್ತು. ನನ್ನ ಮುಂದಿದ್ದ ಹುಡುಗ ಅದನ್ನೆತ್ತಿ ನಾಲಿಗೆಯಿಂದ ನೆಕ್ಕಿ, ತಲೆಯಾಡಿಸಿ, ಬರೆದು ಹೋದ. ಅವನ ಮುಂದಿನವನೂ ನೆಕ್ಕಿದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ಕಲ್ಲುಪ್ಪಿನ ಹರಳಾದರೆ ರುಚಿಯಿಂದಲೇ ಗುರುತಿಸುವುದೆಂದು ಪಾಠದಲ್ಲೂ ಹೇಳಿದ್ದರು. ಓದುವಾಗ ಅದು ಹತ್ತು ಜನರ ಎಂಜಲು ಎಂದು ಹೊಳೆದಿರಲಿಲ್ಲ. ನಮ್ಮ ಮನೆಯಲ್ಲಿ ಎಂಜಲು ಸೌಟನ್ನು ಪಾತ್ರೆಗೆ ಹಾಕಿದರೆ ಅಜ್ಜಿ ಇಡೀ ಸಾರು ಚೆಲ್ಲುತ್ತಿದ್ದರು. ಆದರೆ ಒಂದು ಅಂಕ ಬಿಡುವ ಸ್ಥಿತಿಯಲ್ಲಿ ನಾನಿರಲಿಲ್ಲ. ಹರಳನ್ನೆತ್ತಿಕೊಂಡು ಸೀದಾ ಸಿಂಕಿಗೆ ಹೋಗಿ, ಬಿಸಿನೀರು ಬಿಟ್ಟು, ಸೋಪು ಹಾಕಿ ಚೆನ್ನಾಗಿ ಉಜ್ಜಿ ತೊಳೆದೆ. ಬೆರಳ ನಡುವೆ ಅದು ಜಾರುತ್ತಾ ಸಣ್ಣದಾಗುತ್ತಿದೆ ಅನ್ನಿಸಿದಾಗಲೇ ಬುದ್ಧಿ ಬಂದದ್ದು. ಉಪ್ಪನ್ನು ಯಾರಾದರೂ ತೊಳೆಯುತ್ತಾರೆಯೇ?

ಒರೆಸಿ ಮತ್ತೆ ಇಟ್ಟೆ. ಚೌಕ ಮೂಲೆಗಳೆಲ್ಲ ಕರಗಿ ಅದು ಚೀಪಿ ಬಿಟ್ಟ ಪೆಪ್ಪರ್‌ಮಿಂಟಿನಂತಾಗಿತ್ತು. ನನ್ನ ಉತ್ತರ ಸರಿಯಾಗಿತ್ತು ಬಿಡಿ, ಆದರೆ ನನ್ನ ಹಿಂದಿದ್ದವರಿಗೆ ನೋಡಲು ಆಕಾರವೇ ಉಳಿದಿರಲಿಲ್ಲ, ನೆಕ್ಕಿದರೆ ಸೋಪು. ಪರೀಕ್ಷೆ ಮುಗಿದಾಗ ಟೀಚರ್ ಅದನ್ನೆತ್ತಿ ಹಿಡಿದು, ನನ್ನ ಒಳ್ಳೆಯ ಹರಳಿಗೆ ಇದೇನಾಯಿತು ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಇವಳು ಎದ್ದು ನಿಂತು ಇಂಗ್ಲಿಷಿನಲ್ಲಿ ವಿವರಿಸತೊಡಗಿದಳು. ಒಬ್ಬರ ಬಾಯಿಗೆ ತಾಗಿದ್ದನ್ನು ಇನ್ನೊಬ್ಬರು ಮುಟ್ಟದ ಊರಿನವರು ನಾವು, ನನ್ನ ಅಕ್ಕ ನಮ್ಮೆಲ್ಲರ ಆರೋಗ್ಯ ಕಾಪಾಡಿದ್ದಾಳೆ ಎಂದಳು. ನೀರಿನ ಬಾಟಲಿಯನ್ನು ತುಟಿಗೆ ತಾಗಿಸದೆ ಎತ್ತಿ ಕುಡಿದೂ ತೋರಿಸಿದಳು. ಕ್ಲಾಸು ಬಿದ್ದು ಬಿದ್ದು ನಕ್ಕಿತು, ಟೀಚರ್ ಕಣ್ಣೊರೆಸಿಕೊಂಡರು, ಯಾರೋ ಚಪ್ಪಾಳೆಯನ್ನೂ ತಟ್ಟಿದರು. ಎಡವಟ್ಟು ಮಾಡಿದ್ದು ನಾನು, ಚಪ್ಪಾಳೆ ಅವಳಿಗೆ. ನನ್ನನ್ನು ಕಾಪಾಡಿದ್ದಕ್ಕೆ ಥ್ಯಾಂಕ್ಸ್ ಹೇಳಬೇಕಿತ್ತು. ಹೇಳಲಿಲ್ಲ. ಕೆಲಸ ಇನ್ನು ಇವಳಿಗೇ ಎಂದು ಆ ಗಳಿಗೆಯಲ್ಲಿ ನನಗೆ ಖಾತ್ರಿಯಾಗಿತ್ತು.

ಅಂಕಗಳಲ್ಲೂ ಅವಳೇ ಮೇಲೆ. ಕೊನೆಯ ದಿನ ಟೀಚರ್ ಮೊದಲು ಅವಳನ್ನು ತಮ್ಮ ಕೋಣೆಗೆ ಕರೆದಾಗ ನಾನು ಹೊರಗಿನ ಬೆಂಚಿನ ಮೇಲೆ ಕೂತು ಮನಸ್ಸಿನಲ್ಲೇ ನಗು ಅಭ್ಯಾಸ ಮಾಡುತ್ತಿದ್ದೆ. ಕಂಗ್ರಾಟ್ಸ್ ಹೇಳುವಾಗ ಕಣ್ಣಿನಲ್ಲಿ ನೀರು ಬರಬಾರದಲ್ಲ. ಅವಳು ಬೇಗ ಹೊರಗೆ ಬಂದಳು. ನಿಮ್ಮನ್ನೂ ಕರೆಯುತ್ತಿದ್ದಾರೆ ಎಂದು ಹೇಳಿ ವೆಂಡಿಂಗ್ ಮೆಶೀನ್ ಕಡೆ ನಡೆದಳು. ಒಳಗೆ ಹೋದರೆ ಟೀಚರ್ ಕುರ್ಚಿ ತೋರಿಸಿ, ಜನವರಿಯಿಂದ ಲ್ಯಾಬ್ ನೋಡಿಕೊಳ್ಳುತ್ತೀಯಾ ಎಂದು ಕೇಳಿದರು. ಕಲ್ಲುಗಳನ್ನು ಇಷ್ಟು ಜತನದಿಂದ ಮುಟ್ಟುವವರು ಕಡಿಮೆ ಎಂದರು. ತೊಳೆಯುವುದೊಂದು ಬೇಡ ಎಂದೂ ಸೇರಿಸಿದರು. ನಾನು ಹೂಂ ಅಂದೆ. ಅವರು ಕೈಕುಲುಕಿದರು.

ಕಾರಿನವರೆಗೆ ನಡೆದು ಬಂದದ್ದು ನೆನಪಿಲ್ಲ. ಗೆದ್ದಿದ್ದೆ. ಜೀವನದಲ್ಲಿ ಮೊದಲ ಸಲ ಅವಳನ್ನು ನೋಡಿ ಅಯ್ಯೋ ಪಾಪ ಅನ್ನಿಸಿತು. ಆ ಅನ್ನಿಸಿಕೆ ಎಷ್ಟು ಹಿತವಾಗಿತ್ತೆಂದರೆ ಅವಳ ಸೀಟಿನ ಕಡೆಗೆ ಹೀಟರನ್ನೂ ತಿರುಗಿಸಿದೆ. ವಿಷಯ ಹೇಳಿದೆ. ಅವಳಿಗೆ ನಿಜಕ್ಕೂ ಖುಷಿಯಾಯಿತು, ನನ್ನ ಕೈ ಹಿಡಿದು ಅಲುಗಾಡಿಸಿದಳು. ಆಮೇಲೆ ಚಿಪ್ಸ್ ಪ್ಯಾಕೆಟ್ ಬಿಚ್ಚುತ್ತಾ ಅಂದಳು:

"ನನ್ನ ಮೊದಲ ಕೇಳಿದ್ರು. ನಾ ಒಲ್ಲೆ ಅಂದೆ."

"ಯಾಕೆ?"

"ನಂಗ ಒಂದು ಸೈನ್ಸ್ ಬೇಕಿತ್ತು, ಮುಗೀತು. ಇನ್ನ ಆ ಕಲ್ಲು ಹಿಡಕೊಂಡು ಏನ್ ಮಾಡ್ಲಿ? ಭಾಳ ಬ್ಯಾಸರ ಬಂದದ್ರಿ ಅಕ್ಕಾರ."

ನಾನು ಅವಳ ಮುಖವನ್ನು ದಿಟ್ಟಿಸಿ ನೋಡಿದೆ. ನನಗಾಗಿ ಬಿಟ್ಟುಕೊಟ್ಟಳೇನೋ ಎಂದು ಹುಡುಕಿದೆ. ತ್ಯಾಗ ಮಾಡಿದ ಹೆಂಗಸಿನ ಮುಖ ಹೇಗಿರುತ್ತದೆಂದು ನನಗೆ ಚೆನ್ನಾಗಿ ಗೊತ್ತು, ನಮ್ಮ ಮನೆತನದಲ್ಲಿ ಅಂಥವರಿಗೆ ಬರವಿಲ್ಲ. ಹಾಗಿದ್ದಿದ್ದರೆ ಋಣವಾದರೂ ಇರುತ್ತಿತ್ತು, ಜಗಳವಾದರೂ ಆಡಬಹುದಿತ್ತು. ಅಲ್ಲಿ ಅಂಥದ್ದೇನೂ ಇರಲಿಲ್ಲ. ಚಿಪ್ಸಿನ ಮಸಾಲೆ ಹತ್ತಿದ ಬೆರಳನ್ನು ಟಿಶ್ಯೂಗೆ ಒರೆಸುತ್ತಿದ್ದಳು. ಹೋಗುವ ದಾರಿಯಲ್ಲಿ ಇಂಡಿಯನ್ ಸ್ಟೋರಿನಲ್ಲಿ ನಿಲ್ಲಿಸಲು ಆಗುತ್ತದಾ, ಮನೆಯಲ್ಲಿ ಕೊತ್ತಂಬರಿ ಸೊಪ್ಪು ಮುಗಿದಿದೆ ಎಂದಳು.

ನಿಲ್ಲಿಸಿದೆ. ನಾನೂ ಒಂದು ಕಟ್ಟು ಸೊಪ್ಪು ತೆಗೆದುಕೊಂಡೆ. ಆ ಕೋಣೆಯ ಬೀಗದ ಕೈ ಈಗ ನನ್ನ ಹತ್ತಿರವೇ ಇದೆ, ಬ್ಯಾಡ್ಜೂ ಇದೆ, ಕೆಲಸ ನನಗೆ ಪ್ರಾಣಕ್ಕಿಂತ ಇಷ್ಟ. ಆದರೂ ಕೆಲವು ದಿನ ಲ್ಯಾಬಿನ ದೀಪ ಹಾಕುವಾಗ ಹೊಟ್ಟೆಯಲ್ಲಿ ಅದೇ ಉರಿ ಏಳುತ್ತದೆ. ಅವಳು ನನಗಿಂತ ಚೆನ್ನಾಗಿ ಮಾಡಿದ್ದನ್ನು ನಾನು ಎಂದೋ ಮರೆತೆ. ಅವಳಿಗೆ ಇದು ಬೇಕಾಗಿಯೇ ಇರಲಿಲ್ಲ ಅನ್ನುವುದನ್ನು ಮಾತ್ರ ಇಂದಿಗೂ ಕ್ಷಮಿಸಿಲ್ಲ.