ಮಾಸ್ತಪ್ಪನ ಗುಡ್ಡಕ್ಕೆ ಬಂದ ಲೈಟು

ಸನ್ಮಾನದ ಶಾಲು ಕಂಡರೆ ಮಾಸ್ತಪ್ಪನಿಗೆ ಈಗಲೂ ವಾಕರಿಕೆ. ಅದಕ್ಕೆ ಕಾರಣ ಪಂಚಾಯ್ತಿ ಮೆಂಬರ್ ವಿನೋದ.

ಮಾಸ್ತಪ್ಪ ಓದಿದ್ದು ಏಳನೇ ಕ್ಲಾಸು. ಹೊಸನಗರದಲ್ಲಿ ವೆಲ್ಡಿಂಗ್ ಶಾಪ್ ಇಟ್ಟವನು, ಹುಂಚದ ಕಡೆಯ ಬೋಳುಗುಡ್ಡದ ಮೇಲೆ ಕೋಣೆ ಕಟ್ಟಿ, ಹಳಿಯ ಮೇಲೆ ಸರಿಯುವ ತಗಡಿನ ಮಾಡು ಹೊದೆಸಿ, ಟೆಲಿಸ್ಕೋಪು ಕೂರಿಸಿದ. ಆಕಾಶದಲ್ಲಿ ಅಲೆಯುವ ಬಂಡೆಗಳನ್ನೂ ಉಪಗ್ರಹಗಳನ್ನೂ ಬೆನ್ನುಹತ್ತಿ ಫೋಟೋ ತೆಗೆದು, ಅವುಗಳ ದಾರಿ ಲೆಕ್ಕ ಹಾಕುವ ಹೊರದೇಶದವರಿಗೆ ಕಳಿಸುತ್ತಿದ್ದ. ಊರವರು ಬಂದು ಜಾತಕ ಕೇಳಿದರೆ ಬೈದು ಅಟ್ಟುತ್ತಿದ್ದ.

ಸನ್ಮಾನ ನಡೆದ ವಾರ ಹೊಸ ಬಂಡೆಯೊಂದು ಕಂಡಿತ್ತು. ಸೂರ್ಯ ಮುಳುಗಿದ ಹಿಂದೆಯೇ ಅದೂ ಇಳಿಯುತ್ತಿತ್ತು. ಆ ಸಂಜೆ ಇನ್ನೊಮ್ಮೆ ಫೋಟೋಗೆ ಸಿಕ್ಕದಿದ್ದರೆ ದಾರಿ ಲೆಕ್ಕಕ್ಕೆ ಸಿಗದೆ ಅದು ಕೈಬಿಟ್ಟುಹೋದ ಹಾಗೆಯೇ.

ಸರಿಯಾಗಿ ಅದೇ ಹೊತ್ತಿಗೆ ವಿನೋದ ಜನ ಕಟ್ಟಿಕೊಂಡು ಬಂದ. ಬಾಗಿಲೆದುರು ನೆಟ್ಟಿದ್ದ ಹೊಸ ಕಂಬ ಬರೀ ಕರೆಂಟ್ ತಂತಿಗೆಂದು ಮಾಸ್ತಪ್ಪ ನಂಬಿದ್ದ. ವಿನೋದ ಅವನಿಗೆ ಶಾಲು ಹೊದೆಸಿದ.

"ನಕ್ಷತ್ರ ನೋಡೋ ಜಾಗ ಕತ್ಲಲ್ಲಿದ್ರೆ ಊರಿಗೇ ಅವಮಾನ ಅಲ್ವಾ ಮಾಸ್ತಪ್ಪಣ್ಣ? ನಿಮ್ಗೇ ಅಂತ ಫ್ಲಡ್‌ಲೈಟ್ ಹಾಕ್ಸಿದೀನಿ!"

ಸ್ವಿಚ್ ಒತ್ತಿದ. ಗುಡ್ಡವೆಲ್ಲ ಬೆಳ್ಳಗಾಯಿತು, ಬಾಗಿಲ ಪಕ್ಕ ನಿಲ್ಲಿಸಿದ್ದ ವಿನೋದನ ಹೆಸರಿನ ಬೋರ್ಡೂ ಬೆಳಗಿತು. ಜನ ಚಪ್ಪಾಳೆ ತಟ್ಟಿದರು.

"ಥೂ! ಆರ್ಸೋ ಮಾರಾಯ! ನಂಗೆ ಫೋಟೋ ತೆಗೀಬೇಕು."

"ಮದ್ವೆಮನೆ ಫೋಟೋದೋರು ಎರಡೆರಡು ಲೈಟ್ ಇಡ್ತಾರೆ, ನೀವು ಇರೋದನ್ನೂ ಆರ್ಸು ಅಂತೀರಲ್ಲ!"

ದನಕ್ಕೆಂದು ಅಡಿಕೆ ಹಾಳೆಯ ಹೊರೆ ಹೊತ್ತು ಬರುತ್ತಿದ್ದ ಹುಲಿಯಮ್ಮ ಅಲ್ಲೇ ನಿಂತಳು. "ಆರ್ಸಿದ್ರೆ ನೋಡು ಮತ್ತೆ! ನಿನ್ ಬಂಡೆ ಎಲ್ಲೂ ಬಿದ್ದಿಲ್ಲ. ನಾನು ಎರಡ್ಸಲ ಈ ದಾರೀಲಿ ಬಿದ್ದೀನಿ."

ಮಾಸ್ತಪ್ಪನ ಮೈ ಇನ್ನಷ್ಟು ಉರಿಯಿತು. ಅವಳ ಹೊರೆಯಿಂದ ಅಗಲವಾದ ಹಾಳೆಯೊಂದನ್ನು ಎಳೆದುಕೊಂಡು, ಕಂಬಕ್ಕೆ ಒರಗಿಸಿದ್ದ ಏಣಿ ಹತ್ತಿ, ತೋಟದಾಳು ತಲೆಗಿಡುವ ಹಾಳೆಟೊಪ್ಪಿಯಂತೆ ಮಡಚಿ ಲೈಟಿಗೆ ತೊಡಿಸಿದ. ಶಾಲನ್ನು ಪರ್ರನೆ ಹರಿದು ಬಿಗಿದು ಕಟ್ಟಿದ. ಬೆಳಕು ದಾರಿಗಷ್ಟೇ ಬಿತ್ತು.

"ಅಯ್ಯೋ, ನನ್ ಹೆಸ್ರಿನ ಬೋರ್ಡೇ ಕಾಣ್ತಿಲ್ಲ!" ಎಂದ ವಿನೋದ.

"ನನ್ ಹಾಳೆ?" ಎಂದಳು ಹುಲಿಯಮ್ಮ.

ಮಾಸ್ತಪ್ಪ ಒಳಗೆ ಓಡಿ ಮಾಡು ಸರಿಸಿದ. ಬಂಡೆ ಆಗಲೇ ಗುಡ್ಡದಾಚೆಯ ಕಾಡಿನ ಮರಗಳ ತುದಿಗೆ ಇಳಿದಿತ್ತು. ಸಿಕ್ಕಿದ್ದು ಎರಡೇ ಫೋಟೋ. ಒಂದನ್ನು ಯಾವುದೋ ಉಪಗ್ರಹ ಅಡ್ಡ ಬಂದು, ಬಿಳಿ ಗೆರೆ ಎಳೆದು ಕೆಡಿಸಿತ್ತು.

"ದರಿದ್ರದೋರು! ಅಲ್ಲೂ ಹೊಲಸು ಮಾಡಿಟ್ಟಿದಾರೆ" ಎಂದು ಕಿಟಕಿಯಾಚೆ ಉಗಿದು, ಉಳಿದೊಂದನ್ನು ಕಳಿಸಿದ. ಇಷ್ಟು ಸಾಕು, ಬಂಡೆಯ ದಾರಿ ಸಿಕ್ಕಿತು ಎಂದು ಹೊರದೇಶದವರಿಂದ ಉತ್ತರ ಬಂತು.

ಹೊರಗೆ ಬಂದು ನೋಡಿದರೆ, ವಿನೋದ ತನ್ನ ಬೋರ್ಡಿಗೆ ಮೊಬೈಲ್ ಟಾರ್ಚ್ ಹಿಡಿಸಿಕೊಂಡು ಫೋಟೋಗೆ ನಿಂತಿದ್ದ.