ನಾನು ಹೇಳಿದಂತೆಯೇ ಓದಿದ ಹುಡುಗಿ

ನನಗೆ ಮೂಗಿನ ತುದಿಯಲ್ಲೇ ಕೋಪ. ಮಡಿಕೇರಿಯ ಒಂದು ಪಿಯು ಕಾಲೇಜಿನಲ್ಲಿ ಹದಿನಾರು ವರ್ಷದಿಂದ ಕೆಮಿಸ್ಟ್ರಿ ಪಾಠ ಮಾಡುತ್ತಿದ್ದೇನೆ. ನಾನು ಕಾರಿಡಾರಿಗೆ ಬಂದರೆ ಮಕ್ಕಳ ಮಾತು ನಿಲ್ಲುತ್ತದೆ ಎಂಬುದು ನನಗೊಂದು ಹೆಮ್ಮೆಯಾಗಿತ್ತು. ಚೆನ್ನಾಗಿ ಓದುವುದು ಹೇಗೆ ಎಂದು ಹತ್ತು ಸಲಹೆಗಳನ್ನು ಟೈಪ್ ಮಾಡಿಸಿ ಲ್ಯಾಬ್ ಬಾಗಿಲಿಗೆ ಅಂಟಿಸಿದವಳೂ ನಾನೇ. ದಿನಾ ಸಮೀಕರಣ ಬರೆಯಿರಿ, ಹಳೆಯ ಪ್ರಶ್ನೆಪತ್ರಿಕೆ ಬಿಡಿಸಿ, ಬಯಾಲಜಿಯ ಚಿತ್ರಗಳನ್ನು ಪುಸ್ತಕ ಮುಚ್ಚಿಟ್ಟು ಬರೆದು ನೋಡಿ. ಇವೆಲ್ಲ ಯಾರಾದರೂ ಹೇಳುವಂಥವೇ. ಆರನೆಯದು ಮಾತ್ರ ನನ್ನ ಸ್ವಂತದ್ದು: ಕ್ಲಾಸಿನಲ್ಲಿ ಬರೆಸಿದ ನೋಟ್ಸನ್ನು ಒಂದಕ್ಷರ ಬಿಡದೆ ಬಾಯಿಪಾಠ ಮಾಡಿ, ನಿಮ್ಮ ಮಾತು ಸೇರಿಸಬೇಡಿ.

ಅದಕ್ಕೆ ಕಾರಣವಿತ್ತು. ನಮ್ಮದು ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ಜಮೀನು ಮಾಡಿದ ಮನೆ. ಕನ್ನಡ ಮೀಡಿಯಂನಲ್ಲಿ ಓದಿ ಪಿಯುಸಿ ಸೈನ್ಸಿಗೆ ಸೇರಿದಾಗ ಇಂಗ್ಲಿಷ್ ಒಂದು ಸಾಲೂ ತಲೆಗೆ ಹತ್ತಲಿಲ್ಲ. ಉರು ಹೊಡೆದೇ ಪಾಸಾದೆ. ನಾನು ದಾಟಿದ ದಾರಿಯಲ್ಲೇ ಎಲ್ಲರೂ ದಾಟಬೇಕು ಎಂದುಕೊಂಡಿದ್ದೆ.

ನಾನು ಹೇಳಹೊರಟ ಹುಡುಗಿ ಬರುತ್ತಿದ್ದದ್ದು ಗಾಳಿಬೀಡಿನ ಕಡೆಯಿಂದ. ಮನೆಯಲ್ಲಿ ಆಡುವುದು ಕೊಡಗಿನ ಅರೆಭಾಷೆ, ಹತ್ತರವರೆಗೆ ಕನ್ನಡ ಮೀಡಿಯಂ. ಅಮ್ಮ ಎಸ್ಟೇಟಿನಲ್ಲಿ ಕಾಫಿ ಪಿಕ್ಕಿಂಗಿಗೆ ಹೋಗುವವರು. ಹುಡುಗಿಗೆ ಬಿ.ಎಸ್‌ಸಿ. ನರ್ಸಿಂಗ್ ಮಾಡಬೇಕೆಂಬ ಒಂದೇ ಆಸೆ. ಅದಕ್ಕೆ ಕೆಮಿಸ್ಟ್ರಿ ಪಾಸಾಗಲೇಬೇಕು.

ಎರಡನೇ ವರ್ಷದ ಜನವರಿಯಲ್ಲಿ ಅವಳ ಡೆಸ್ಕಿನ ಮೇಲೊಂದು ನೋಟ್‌ಬುಕ್ ಕಂಡೆ. ನನ್ನ ಪಾಠವನ್ನೆಲ್ಲ ಅವಳು ಕನ್ನಡದಲ್ಲಿ, ಅವ್ವನಿಗೆ ಹೇಳುವ ಹಾಗೆ ಬರೆದುಕೊಂಡಿದ್ದಳು. ನನಗೆ ಪಿತ್ತ ನೆತ್ತಿಗೇರಿತು. ಪರೀಕ್ಷೆಗೆ ಎರಡು ತಿಂಗಳಿಲ್ಲ, ಇವಳು ಕಥೆ ಬರೆಯುತ್ತಾ ಕೂತಿದ್ದಾಳಲ್ಲ! ಬೋರ್ಡಿನವರು ನಿಮ್ಮವ್ವನ ಹತ್ತಿರ ಪ್ರಶ್ನೆ ಕೇಳುತ್ತಾರಾ ಎಂದು ಇಡೀ ಕ್ಲಾಸಿನ ಮುಂದೆ ಕೇಳಿದೆ. ಎಲ್ಲರೂ ನಕ್ಕರು. ಪುಸ್ತಕ ಕಸಿದುಕೊಂಡು ಸ್ಟಾಫ್ ರೂಮಿನ ನನ್ನ ಡ್ರಾಯರಿಗೆ ಹಾಕಿ, ಬರೆಸಿದ್ದನ್ನು ಬರೆಸಿದ ಹಾಗೇ ಕಲಿ ಅಂದೆ. ಅಂದಿನಿಂದ ಅವಳು ಪ್ರಶ್ನೆ ಕೇಳುವುದನ್ನೇ ಬಿಟ್ಟಳು. ಕೊನೆಗೂ ದಾರಿಗೆ ಬಂದಳು ಎಂದು ನಾನು ಖುಷಿಪಟ್ಟೆ.

ಫಲಿತಾಂಶ ಬಂತು. ಬಯಾಲಜಿಯಲ್ಲಿ ಒಳ್ಳೆಯ ಮಾರ್ಕ್ಸ್. ಅದಕ್ಕೂ ಅವಳು ಇಂಥದ್ದೇ ಪುಸ್ತಕ ಬರೆದುಕೊಂಡಿದ್ದಳು, ಬಯಾಲಜಿ ಮೇಡಂ ಅದರ ತಂಟೆಗೆ ಹೋಗಿರಲಿಲ್ಲ. ಕೆಮಿಸ್ಟ್ರಿಯಲ್ಲಿ ಫೇಲು. ಉತ್ತರಪತ್ರಿಕೆಯ ಸ್ಕ್ಯಾನ್ ಪ್ರತಿ ತರಿಸಿಕೊಂಡು, ಎಲ್ಲಿ ತಪ್ಪಿದೆ ನೋಡಿ ಮೇಡಂ ಎಂದು ನನ್ನ ಮುಂದೆ ಇಟ್ಟಳು. ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ, ಮಡಚಿದರೆ ಹಾಳಾಗುತ್ತದೆಂದು ರಟ್ಟಿನ ನಡುವೆ ಇಟ್ಟುಕೊಂಡು ತಂದಿದ್ದಳು.

ಮೊದಲ ಪುಟದಿಂದ ಓದುತ್ತಾ ಹೋದೆ. ಅದರಲ್ಲಿ ಇದ್ದದ್ದೆಲ್ಲ ನಾನೇ. ನನ್ನ ವಾಕ್ಯ, ನನ್ನ ಉದಾಹರಣೆ, ಬರೆಸುವ ಅವಸರದಲ್ಲಿ ನಾನು ಬಿಟ್ಟ ಪದ ಕೂಡ ಅಲ್ಲಿ ಬಿಟ್ಟುಹೋಗಿತ್ತು. ಪ್ರಶ್ನೆ ಒಂದು, ಉತ್ತರ ಇನ್ನೊಂದು. ಒಂದು ಉತ್ತರದ ಕೊನೆಗೆ, ಇದನ್ನು ಮುಂದಿನ ಕ್ಲಾಸಿನಲ್ಲಿ ನೋಡೋಣ ಎಂದು ಚಂದದ ಇಂಗ್ಲಿಷಿನಲ್ಲಿ ಬರೆದಿದ್ದಳು. ನಾನು ಬರೆಸುತ್ತಾ ಆಡಿದ ಮಾತು ಅದು. ಬೇರೆ ಯಾರದಾದರೂ ಪತ್ರಿಕೆಯಾಗಿದ್ದರೆ ಸ್ಟಾಫ್ ರೂಮಿನಲ್ಲಿ ಓದಿ ಹೇಳಿ ನಗುತ್ತಿದ್ದೆ.

ಬಿಸಿ ಪ್ಲಾಟಿನಂ ಮೇಲೆ ಅಮೋನಿಯಾ ಒಡೆಯುವಾಗ, ಒತ್ತಡ ಹೆಚ್ಚಿದ್ದರೆ, ಇನ್ನಷ್ಟು ಅಮೋನಿಯಾ ತುಂಬಿದರೂ ಕ್ರಿಯೆಯ ವೇಗ ಯಾಕೆ ಏರುವುದಿಲ್ಲ ಎಂದು ಒಂದು ಪ್ರಶ್ನೆಯಿತ್ತು. ಅಲ್ಲಿ ಕಾರಣ ಹೇಳುವ ಬದಲು, ಶೂನ್ಯ ಕ್ರಮಾಂಕದ ಕ್ರಿಯೆಗೆ ನಾನು ಬರೆಸಿದ ವ್ಯಾಖ್ಯೆಯನ್ನು ಪೂರ್ತಿ ಬರೆದು ಸೊನ್ನೆ ಪಡೆದಿದ್ದಳು. ಅವಳನ್ನು ಕೂರಿಸಿ ಡ್ರಾಯರಿನಿಂದ ಆ ನೋಟ್‌ಬುಕ್ ತೆಗೆದೆ. ಕಸಿದುಕೊಂಡಿದ್ದೆನೇ ಹೊರತು ಒಂದು ಪುಟವನ್ನೂ ಓದಿರಲಿಲ್ಲ. ಅದೇ ಪಾಠ ಅಲ್ಲಿತ್ತು: ಅವ್ವಾ, ಸಂಜೆ ಕಾಫಿ ಹಣ್ಣು ತೂಕ ಹಾಕುವಲ್ಲಿ ಎಷ್ಟು ಜನ ಸಾಲು ನಿಂತರೂ ಲೆಕ್ಕ ಬರೆಯುವ ರೈಟರ್ ತೂಗುವುದು ಒಂದೊಂದೇ ಚೀಲ ಅಲ್ವಾ? ಸಾಲು ಉದ್ದವಾದರೆ ತೂಕ ಬೇಗ ಆಗುತ್ತಾ? ಇಲ್ಲಿ ಪ್ಲಾಟಿನಂನಲ್ಲಿ ಜಾಗ ಎಲ್ಲ ಭರ್ತಿ. ಬಾಕಿಯವರು ಕಾಯಬೇಕು.

ಹದಿನಾರು ವರ್ಷದಲ್ಲಿ ನಾನು ಇಷ್ಟು ಚೆನ್ನಾಗಿ ಹೇಳಿಕೊಟ್ಟಿಲ್ಲ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ನಾನು ಆ ಗಿಡವನ್ನು ಬೇರುಸಹಿತ ಕಿತ್ತೇ ಹಾಕಿದ್ದೆ. ನಾಚಿಕೆಯಾಯಿತು. ತಪ್ಪು ನಂದು ಕಣೇ, ನಿಂದಲ್ಲ ಎಂದು ಹೇಳಿದೆ. ಅವಳಿಗೆ ಅದು ಬೇಕಿರಲಿಲ್ಲ. ಫೇಲಾದವರಿಗೆ ಬೋರ್ಡು ಮತ್ತೆ ನಡೆಸುವ ಎರಡನೇ ಪರೀಕ್ಷೆಗೆ ಕೆಲವೇ ದಿನಗಳಿದ್ದವು. ಅದೂ ಹೋದರೆ ಈ ವರ್ಷದ ನರ್ಸಿಂಗ್ ಸೀಟು ತಪ್ಪುತ್ತಿತ್ತು, ಮನೆಯಲ್ಲಿ ಇನ್ನೊಂದು ವರ್ಷ ಕಾಯುವ ಮಾತೇ ಇರಲಿಲ್ಲ.

"ಈ ಸಲ ಯಾವುದು ಬರೀಲಿ ಮೇಡಂ?" ಎಂದು ಕೇಳಿದಳು. "ನೀವು ಬರೆಸಿದ್ದಾ, ಇದಾ?"

"ನಿಂದೇ ಬರಿ. ಇಂಗ್ಲಿಷ್ ಮುರುಕಲಾದ್ರೂ ಪರವಾಗಿಲ್ಲ."

"ಇದಕ್ಕೆ ಮಾರ್ಕ್ಸ್ ಕೊಡ್ತಾರಾ?"

ಕೊಡುತ್ತಾರೆ ಅಂದೆ. ನಾನು ಹೇಳಿದ್ದನ್ನು ಯಾವತ್ತೂ ನಂಬಿದವಳು, ಅವತ್ತೂ ನಂಬಿ ತಲೆಯಾಡಿಸಿದಳು. ಪ್ರತಿ ವರ್ಷ ನಾನು ಮೌಲ್ಯಮಾಪನಕ್ಕೆ ಹೋಗುತ್ತೇನೆ. ಪುಸ್ತಕದ ಮಾತಿಲ್ಲದ ಅಂಥ ಉತ್ತರಗಳು ಎಷ್ಟೋ ಬಂದಿವೆ. ಕೆಂಪು ಗೀಟು ಎಳೆದು ಹಾಳೆ ತಿರುವಿದ್ದೇನೆ, ಒಂದನ್ನೂ ಪೂರ್ತಿ ಓದಿಲ್ಲ.