ಪಾಲು, ಹಾಲು, ಆಲು

ಕಳೆದ ವಾರ ಮನೆಗೆ ಬಣ್ಣ ಹೊಡೆಸಬೇಕಿತ್ತು. ಸಾಮಾನು ತುಂಬಿಡಲು ಇಲ್ಲಿ ಗಲ್ಫಿನ ನಮ್ಮ ರಿಗ್ಗೈ ಬಡಾವಣೆಯ ಜಮಿಯಾಕ್ಕೆ, ಅಂದರೆ ಸಹಕಾರಿ ಅಂಗಡಿಗೆ ಹೋಗಿ ಬಾಳೆಹಣ್ಣಿನ ಖಾಲಿ ಪೆಟ್ಟಿಗೆಗಳನ್ನು ತಂದೆ. ಮುಚ್ಚಳ ತೆಗೆದ ಕೂಡಲೇ ಆ ವಾಸನೆ... ಅರ್ಧ ಹಣ್ಣಿನದು, ಅರ್ಧ ರಟ್ಟಿನದು. ನನಗೆ ನೆನಪಾದದ್ದು ಹಣ್ಣಲ್ಲ, ಎದುರುಮನೆ ಮೇಷ್ಟ್ರ ಪುಸ್ತಕಗಳು.

ಮೇಷ್ಟ್ರು ಊರಿನ ಕಾಲೇಜಿನಲ್ಲಿ ಕನ್ನಡ ಕಲಿಸುತ್ತಿದ್ದವರು. ಹಳೆಯ ಕಾವ್ಯವೊಂದರ ಬೇರೆ ಬೇರೆ ಮುದ್ರಣಗಳನ್ನು ಪಕ್ಕಪಕ್ಕ ಇಟ್ಟು, ಎಲ್ಲಿ ಯಾವ ಅಕ್ಷರ ಬದಲಾಗಿದೆ ಎಂದು ಹುಡುಕಿ ಡಾಕ್ಟರೇಟ್ ಪಡೆದಿದ್ದರು. ಹೆಂಡತಿಗೆ ಇಲ್ಲಿನ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಾಗ ನೌಕರಿ ಬಿಟ್ಟು ಅವರ ವೀಸಾದ ಮೇಲೆ ಬಂದರು. "ಆಯಮ್ಮ ಔಷಧಿ ಕೊಡೋ ಡಾಕ್ಟ್ರು, ಈಯಪ್ಪ ನಿದ್ದೆ ಬರ್ಸೋ ಡಾಕ್ಟ್ರು" ಎಂದು ನಮ್ಮ ಕಟ್ಟಡದವರು ನಗುತ್ತಿದ್ದರು. ಮೇಷ್ಟ್ರು ತಲೆ ಕೆಡಿಸಿಕೊಳ್ಳಲಿಲ್ಲ. ಯಾರಾದರೂ ಇಲ್ಲಿನ ನೌಕರಿ ಖಲಾಸ್ ಮಾಡಿ ಊರಿಗೆ ಹೊರಟರೆಂದು ಕಿವಿಗೆ ಬಿದ್ದರೆ ಸಾಕು, ಬಾಳೆಹಣ್ಣಿನ ಪೆಟ್ಟಿಗೆ ಹಿಡಿದು ದೂರದ ಮೈದಾನ್ ಹವಲ್ಲಿವರೆಗೂ ಬಸ್ಸಿನಲ್ಲಿ ಹೋಗಿ, ಅವರು ಬಿಟ್ಟುಹೋಗುವ ಕನ್ನಡ ಪುಸ್ತಕಗಳನ್ನು ಹೊತ್ತು ತರುತ್ತಿದ್ದರು. ಗೋಡೆಯುದ್ದಕ್ಕೂ ಅವೇ ಪೆಟ್ಟಿಗೆಗಳು. ಅವರ ಮನೆಯ ಕಾವ್ಯಕ್ಕೂ ವ್ಯಾಕರಣಕ್ಕೂ ಬಾಳೆಹಣ್ಣಿನ ವಾಸನೆ.

ನನಗೆ ಹೊಟ್ಟೆಕಿಚ್ಚು. ಅವರು ಊರಿನಿಂದ ತಂದಿದ್ದ ಎಷ್ಟೋ ಪುಸ್ತಕಗಳ ಮೊದಲ ಪುಟದಲ್ಲಿ ಅವರ ತಾತನ ಸಹಿ, ಅದರ ಕೆಳಗೆ ಅಪ್ಪನ ಸಹಿ, ಅದರ ಕೆಳಗೆ ಅವರದು. ನಮ್ಮಪ್ಪನದು ಹೆಬ್ಬೆಟ್ಟು. ನಮ್ಮ ಮನೆತನದಲ್ಲಿ ಡಿಗ್ರಿ ಕಂಡ ಮೊದಲನೆಯವನು ನಾನು. ಅದನ್ನು ಹೇಳಿಕೊಳ್ಳಲು ನನಗೆ ಇವತ್ತಿಗೂ ಸಂಕೋಚವಿಲ್ಲ. ಕಾಲೇಜಿನಲ್ಲಿ ಎದ್ದು ನಿಂತು ಪಾಠ ಓದುವಾಗ ಹಾಲನ್ನು 'ಆಲು' ಎಂದೆ, ಇಡೀ ತರಗತಿ ನಕ್ಕಿತು. ಆಮೇಲೆ ಹಾಸ್ಟೆಲಿನಲ್ಲಿ ಅಂಗೈಯನ್ನು ಬಾಯಿಗೆ ಅಡ್ಡ ಹಿಡಿದು, ಉಸಿರು ತಾಗುತ್ತದೋ ಇಲ್ಲವೋ ನೋಡುತ್ತ 'ಹ' ಕಲಿತೆ. ಹೆದರಿಕೆಗೆ ಅನ್ನಕ್ಕೂ ಹ ಸೇರಿಸಿ ಅಡುಗೆಯವನ ಹತ್ತಿರ 'ಹನ್ನ' ಕೇಳಿದ್ದೂ ಉಂಟು. ಕೊನೆಗೆ 'ಆಲು' ಉಳಿದದ್ದು ಅವ್ವನ ಜೊತೆ ಫೋನಿನಲ್ಲಿ ಮಾತ್ರ.

ಪುಸ್ತಕದ ಹೊಟ್ಟೆಕಿಚ್ಚನ್ನಾದರೂ ನುಂಗಬಹುದಿತ್ತು. ಆದರೆ ನನ್ನ ಮಗಳು... ಆಗ ಅವಳಿಗೆ ಹತ್ತೋ ಹನ್ನೊಂದೋ ಇರಬೇಕು. ನಾನು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು, ಶುಕ್ರವಾರ ಮೇಷ್ಟ್ರ ಮನೆಯಲ್ಲಿ ಕೂತು ಕನ್ನಡದಲ್ಲಿ ಹರಟುತ್ತಿದ್ದಳು. ಆ ನಗು ನಮ್ಮ ಬಾಗಿಲವರೆಗೂ ಕೇಳುತ್ತಿತ್ತು. ಒಂದು ಶುಕ್ರವಾರ ಓಡಿ ಬಂದು, "ಅಪ್ಪಾ, ಒಂದ್ಸಲ ಆಲು ಅನ್ನಿ, ಪ್ಲೀಸ್! ಪೊಟೇಟೊ ಅಲ್ವಂತೆ, ಮಿಲ್ಕ್ ಅಂತೆ!" ಎಂದಳು.

ನನಗೆ ಮೈಯೆಲ್ಲ ಉರಿಯಿತು. ಸೀದಾ ಎದುರುಮನೆಗೆ ಹೋದೆ.

"ಏನ್ ಸಾರ್, ನಮ್ಮೂರ ಮಾತು ನಿಮಗೆ ತಮಾಷೆಯಾಯ್ತಾ?"

ಅವರು ಕನ್ನಡಕ ತೆಗೆದರು. "ತಮಾಷೇನಾ? ಕೂತ್ಕೊಳ್ರೀ. ನೀವು ಬಾಲ್ಕನಿಯಲ್ಲಿ ನಿಂತು ತಾಯಿ ಹತ್ರ 'ಅಸ ಕರ ಆಕ್ತೇನವ್ವ, ಆಲೆಷ್ಟು ಕೊಡ್ತದೆ' ಅಂತೀರಲ್ಲ, ಅದನ್ನ ಕೇಳೋಕೆ ನಾನು ಓದೋದು ನಿಲ್ಲಿಸ್ತೀನಿ. ಹಳಗನ್ನಡದಲ್ಲಿ ಅದು ಪಾಲು. ಆಮೇಲೆ ಪ ಹೋಗಿ ಹ ಬಂತು, ಹಾಲು ಆಯ್ತು. ನಿಮ್ಮೂರಲ್ಲಿ ಆ ಹ ಕೂಡ ಹೋಯ್ತು. ನಾವಿನ್ನೂ ಹ ಹಿಡ್ಕೊಂಡು ಕೂತಿದ್ದೀವಿ, ನಿಮ್ಮೋರು ದಾಟಿ ಆಯ್ತು. ತಪ್ಪಲ್ಲ ಕಣ್ರೀ, ಒಂದು ಹೆಜ್ಜೆ ಮುಂದೆ."

"ನಿಮಗೇನ್ ಸಾರ್, ನಿಮ್ಮನ್ನ ನೋಡಿ ಯಾರೂ ನಗಲಿಲ್ಲ."

ಅವರು ಕನ್ನಡಕವನ್ನು ಮತ್ತೆ ಹಾಕಿಕೊಂಡರು. "ಅದು ನಿಜ" ಎಂದರು.

ಸಂತೋಷಪಡಬೇಕಿತ್ತು. ಹೊಟ್ಟೆಕಿಚ್ಚು ಇನ್ನೂ ಹೆಚ್ಚಾಯಿತು. ನನ್ನ ನಾಲಿಗೆಯ ಮೇಲಿದ್ದದ್ದು ಏನೆಂದು ನನಗಿಂತ ಮೊದಲು ಅವರಿಗೆ ಗೊತ್ತಿತ್ತು. ನನ್ನ ಮಗಳಿಗೆ ಅದನ್ನು ಕೊಟ್ಟವರೂ ಅವರೇ.

ಹೆಂಡತಿ ನಿವೃತ್ತರಾದಾಗ ಮೇಷ್ಟ್ರು ಹೊರಟು ನಿಂತರು. ಪೆಟ್ಟಿಗೆಗಳನ್ನು ಕಾರ್ಗೋದವನಿಗೆ ಕೊಡುವ ಮುಂಚೆ, "ಯಾವುದಾದ್ರೂ ತಗೊಳ್ರೀ" ಎಂದರು. ನನಗೆ ಒಂದಲ್ಲ, ಎಲ್ಲವೂ ಬೇಕಿತ್ತು, ಆ ತಾತನ ಸಹಿಯ ಸಮೇತ. ಅದಕ್ಕೇ ಒಂದನ್ನೂ ತೆಗೆದುಕೊಳ್ಳಲಿಲ್ಲ. ಊರಿಗೆ ಹೋದ ಸ್ವಲ್ಪ ದಿನಕ್ಕೆ ತೀರಿಕೊಂಡರೆಂದು ಸುದ್ದಿ ಬಂತು. ಪುಸ್ತಕಗಳು ಏನಾದವೋ... ಕೇಳುವ ಧೈರ್ಯ ಬರಲಿಲ್ಲ. ಅವರ ಹಿಂದೆಯೇ ನಮ್ಮವ್ವನೂ ಹೋದಳು. ಬಾಲ್ಕನಿಯಲ್ಲಿ ನಿಂತು ಮಾತಾಡುವುದು ನಿಂತಿತು.

ಮೊನ್ನೆ ಸಂಜೆ ಕಾಲೇಜಿನಿಂದ ಬಂದ ಮಗಳು ಬಾಗಿಲಲ್ಲೇ ನಿಂತು ಮೂಗು ಅರಳಿಸಿದಳು. "ಮೇಷ್ಟ್ರಂಕಲ್ ಮನೆ ಸ್ಮೆಲ್!" ಎಂದವಳು ಆ ಪೆಟ್ಟಿಗೆಯ ಹತ್ತಿರ ಕೂತು ಮುಚ್ಚಳ ಎತ್ತಿ ನೋಡಿದಳು. ಆಮೇಲೆ ಎದ್ದು ಅಡುಗೆಮನೆಗೆ ಹೋಗಿ ಅಲ್ಲಿಂದಲೇ ಕೂಗಿದಳು: "ಅಪ್ಪಾ, ಆಲು ಖಲಾಸ್! ಟೀ ಬೇಕಂದ್ರೆ ತನ್ನಿ."

ನಮ್ಮವ್ವನ ಮಾತು ನನ್ನ ಮಗಳ ಬಾಯಿಗೆ ಬಂದದ್ದು ನನ್ನಿಂದಲ್ಲ, ಎದುರುಮನೆಯಿಂದ ಸುತ್ತಿ ಬಂತು. ಇದಕ್ಕೆ ಈಗಲೂ ಹೊಟ್ಟೆ ಉರಿಯುತ್ತದೆ. ಹೋಗಿ ಜಗಳವಾಡೋಣವೆಂದರೆ ಆ ಬಾಗಿಲಿನ ಹಿಂದೆ ಈಗ ಬೇರೆ ಯಾರೋ ಇದ್ದಾರೆ.

ಚಪ್ಪಲಿ ಮೆಟ್ಟಿಕೊಂಡು ಗಟ್ಟಿಯಾಗಿ ಕೇಳಿದೆ: "ಆಲು ಒಂದೇನಾ, ಇನ್ನೇನಾರ ಬೇಕೇನವ್ವ?"